ಸೀ ವ್ಯೂ ನಮ್ಮದು, ಸಮುದ್ರ ನಮ್ಮದಲ್ಲ

ರಿಸಾರ್ಟಿನ ಬಾಗಿಲಲ್ಲೇ ಒಂದು ಕೈಗೆ ಎಳನೀರು, ಇನ್ನೊಂದು ಕೈಗೆ ಪೆನ್ನು ಕೊಟ್ಟರು. ಎಳನೀರು ಹೀರುತ್ತಾ ಸಹಿ ಹಾಕಬೇಕಾದ ಕಾಗದ ಎರಡು ಪುಟದ್ದು. ಅದರ 14ನೇ ಕಲಮು: ಅತಿಥಿಗಳು ಸಮುದ್ರಕ್ಕೆ ಇಳಿದಾಗ ಆಗುವ ಯಾವುದೇ ಅವಘಡಕ್ಕೆ ಆಡಳಿತ ವರ್ಗ ಜವಾಬ್ದಾರಿಯಲ್ಲ. 15ನೇ ಕಲಮು ಟವೆಲ್ಲಿನದು. ಟವೆಲ್ ಕಳೆದರೆ 600 ರೂಪಾಯಿ ದಂಡ. ಅತಿಥಿ ಕಳೆದರೆ ಏನೂ ಇಲ್ಲ.

ಭಾವ ಓದದೆ ಸಹಿ ಹಾಕಿದರು. ಮನೆ ಸಾಲದ ಕಾಗದವನ್ನೇ ಓದದೆ ಸಹಿ ಹಾಕಿದ ಧೀರ ಅವರು, ಇದ್ಯಾವ ಲೆಕ್ಕ.

ರಾಜ್ಯೋತ್ಸವದ ರಜೆಗೆ ಭಾನುವಾರ ಅಂಟಿಕೊಂಡಿತ್ತು. ಅಕ್ಕ, ಭಾವ, ಅವರ ಎಂಟು ವರ್ಷದ ಪುಟ್ಟ ಮತ್ತು ನಾನು ಉತ್ತರ ಕನ್ನಡದ ಕರಾವಳಿಯ ಒಂದು 'ಫ್ಯಾಮಿಲಿ ಬೀಚ್ ರಿಸಾರ್ಟ್'ಗೆ ಬಂದಿದ್ದೆವು. ಅದರ ಜಾಹೀರಾತಿನಲ್ಲಿ ಪುಟ್ಟನಷ್ಟೇ ವಯಸ್ಸಿನ ಮಗುವೊಂದು ಅಲೆಯತ್ತ ಓಡುತ್ತಿದೆ. ಹಿಂದೆ ಮುಂದೆ ದೊಡ್ಡವರು ಯಾರೂ ಕಾಣುವುದಿಲ್ಲ. ಫೋಟೋ ತೆಗೆದವನು 14ನೇ ಕಲಮಿಗೆ ಸಹಿ ಹಾಕಿರಬೇಕು.

ಬಿಲ್ಲಿನಲ್ಲಿ 'ಸೀ ವ್ಯೂ' ಎಂದು 1,800 ರೂಪಾಯಿ ಬೇರೆ ಇತ್ತು. ಮ್ಯಾನೇಜರನ್ನು ಕೇಳಿದೆ, "ಸಮುದ್ರ ತೋರಿಸೋಕೆ ದುಡ್ಡು ತಗೋತೀರಿ, ಅದೇ ಸಮುದ್ರದಲ್ಲಿ ಏನಾದರೂ ಆದ್ರೆ ಸಂಬಂಧ ಇಲ್ಲ ಅಂತೀರಲ್ಲ?"

"ಸೀ ವ್ಯೂ ನಮ್ಮದು ಸಾರ್. ಸಮುದ್ರ ನಮ್ಮದಲ್ಲ."

"ಮತ್ತೆ ಯಾರದು?"

"ಸರ್ಕಾರದ್ದು" ಎಂದು ಅವರು ಕೈ ತೋರಿಸಿದ ಕಡೆ ನೀರು ಬಿಟ್ಟರೆ ಏನೂ ಇರಲಿಲ್ಲ. ನೀರು ದಾಟಿದರೆ ಯೆಮೆನ್.

ಮೊದಲು ಈಜುಕೊಳ. ಇದರಷ್ಟು ಬಂದೋಬಸ್ತಿನ ಜಾಗವನ್ನು ನಾನು ವಿಧಾನಸೌಧದ ಗೇಟಿನಲ್ಲೂ ಕಂಡಿಲ್ಲ. ಆಳ ಮೂರೂವರೆ ಅಡಿ, ಅದನ್ನು ಆರು ಕಡೆ ಬರೆದಿದ್ದಾರೆ. ನಾಲ್ಕು ಮೂಲೆಗೆ ನಾಲ್ಕು ಗಾಳಿಬಳೆ, ಕಾವಲಿಗೆ ಇಬ್ಬರು. ತಲೆಗೆ ಟೋಪಿ, ಮೈಗೆ ನೈಲಾನ್ ಕಡ್ಡಾಯ. ಅಕ್ಕ ಚೂಡಿದಾರದಲ್ಲೇ ಕಾಲು ಇಳಿಬಿಡಲು ಹೋದಳು. ಕಾವಲಿನವನು ಓಡಿ ಬಂದ: "ಮೇಡಂ, ಬಟ್ಟೆ ನೀರು ಕುಡಿದು ಭಾರ ಆಗ್ತದೆ, ಸೇಫ್ಟಿ ಅಲ್ಲ." ಅಕ್ಕ ಮುಖ ಸಣ್ಣದು ಮಾಡಿಕೊಂಡು, ಅದೇ ಚೂಡಿದಾರದಲ್ಲಿ, ದುಪಟ್ಟಾ ಸಮೇತ, ಹಿಂದಿನ ಗೇಟಿನಿಂದ ನೇರ ಅರಬ್ಬೀ ಸಮುದ್ರಕ್ಕೆ ಇಳಿದಳು. ಅಲ್ಲಿ ಯಾರೂ ತಡೆಯಲಿಲ್ಲ. ಸುತ್ತಲೂ ಜೀನ್ಸು, ರೇಷ್ಮೆ ಸೀರೆ, ಶಬರಿಮಲೆ ಕಪ್ಪು ಪಂಚೆ, ಒಬ್ಬರಂತೂ ಸಫಾರಿ ಸೂಟು.

ತೀರದಲ್ಲಿ ಬೋರ್ಡುಗಳ ಜಾತ್ರೆ. ರಿಸಾರ್ಟಿನದೊಂದು, ಪಂಚಾಯಿತಿಯದೊಂದು, ಪೊಲೀಸರದೊಂದು, ಪ್ರವಾಸೋದ್ಯಮದ ಹೆಸರಿನದು ಇನ್ನೊಂದು. ಒಂದರಲ್ಲಿ 'ಈಜು ನಿಷೇಧ', ಪಕ್ಕದ್ದರಲ್ಲಿ 'ಎಚ್ಚರಿಕೆಯಿಂದ ಈಜಿರಿ'. ತುಕ್ಕು ಹಿಡಿದ ಮೂರನೆಯದರಲ್ಲಿ ಉಳಿದಿರುವುದು 'ಈಜಿ' ಎಂಬ ಎರಡೇ ಅಕ್ಷರ. ಎಲ್ಲಿ ಅಪಾಯ, ಎಷ್ಟು ದೂರ ಹೋಗಬಹುದು, ಇವತ್ತು ಕಡಲು ಹೇಗಿದೆ, ಇದು ಯಾವುದರಲ್ಲೂ ಇಲ್ಲ. ಅರ್ಧ ಗಂಟೆ ನಿಂತು ಓದಿದ ಮೇಲೆ ನನಗೆ ಹೊಳೆಯಿತು. ಈ ಬೋರ್ಡುಗಳು ಈಜುವವನಿಗಲ್ಲ, ಪಂಚನಾಮೆಗೆ. ಸತ್ತವನು ಓದಬಹುದಿತ್ತು ಎಂದು ಆಮೇಲೆ ಬರೆದುಕೊಳ್ಳಲು ಒಂದು ಆಧಾರ ಬೇಕಲ್ಲ.

ಇಷ್ಟರ ನಡುವೆ ನಿಜವಾದ ಕೆಲಸ ಮಾಡುತ್ತಿದ್ದವನು ಒಬ್ಬನೇ, ಲೈಫ್‌ಗಾರ್ಡ್ ಹುಡುಗ. ಹತ್ತಿರದ ಮೀನುಗಾರರ ಕೇರಿಯವನು. ಅವನ ಆಸ್ತಿ ಒಂದು ಸೀಟಿ, ಒಂದು ರಿಂಗು, ಬ್ಯಾಟರಿ ಸತ್ತ ಮೈಕು. ಬೆಳಿಗ್ಗೆ ಎದ್ದು ನೀರು ನೋಡಿ, ಇವತ್ತು ಇಲ್ಲಿಂದ ಇಲ್ಲಿಯವರೆಗೆ ಪರವಾಗಿಲ್ಲ ಎಂದು ಲೆಕ್ಕ ಹಾಕಿ, ಸುಮಾರು ನಲವತ್ತು ಹೆಜ್ಜೆ ಅಂತರದಲ್ಲಿ ಎರಡು ಬಾವುಟ ನೆಟ್ಟಿದ್ದ. ಜೀವರಕ್ಷಕರ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಇದೊಂದು ಗುರುತು. ಮೇಲೆ ಕೆಂಪು, ಕೆಳಗೆ ಹಳದಿ. ಇವೆರಡರ ನಡುವಿನ ಜಾಗದಲ್ಲಿ ಮಾತ್ರ ಕಾವಲಿದೆ, ಅಲ್ಲೇ ಈಜಬೇಕು. ಬರೀ ಕೆಂಪಾದರೆ ಭಾರಿ ಅಪಾಯ, ಎರಡು ಕೆಂಪಾದರೆ ನೀರಿಗೇ ಇಳಿಯುವಂತಿಲ್ಲ.

ಮೇಲೆ ಕೆಂಪು, ಕೆಳಗೆ ಹಳದಿ. ಓದುಗರಿಗೆ ಈಗಾಗಲೇ ಎದೆ ಝಲ್ಲೆಂದಿರಬೇಕು. ಭಾವನಿಗೂ ಹಾಗೇ ಆಯಿತು.

"ಏನಪ್ಪಾ! ರಾಜ್ಯೋತ್ಸವದ ದಿನವೇ ಕನ್ನಡದ ಬಾವುಟ ಉಲ್ಟಾ ಕಟ್ಟಿದೀಯಲ್ಲ?"

"ಇದು ಕನ್ನಡ ಬಾವುಟ ಅಲ್ಲ ಸರ್. ಇದು ಈಜೂಕೆ..."

"ಅರಿಶಿನ ಮೇಲೆ, ಕುಂಕುಮ ಕೆಳಗೆ. ಒಂದನೇ ಕ್ಲಾಸಿನ ಮಗೂಗೂ ಗೊತ್ತು!"

ಇಷ್ಟು ಹೊತ್ತು ಆ ಬಾವುಟಗಳನ್ನು ಯಾರೂ ನೋಡಿರಲಿಲ್ಲ. ಮುಂದಿನ ಐದು ನಿಮಿಷದಲ್ಲಿ ನೀರಿನಲ್ಲಿದ್ದ ಎಲ್ಲರೂ ಮೇಲೆ ಬಂದರು. ಹುಡುಗ ಬೆಳಗಿನಿಂದ ಸೀಟಿ ಊದಿ ಸಾಧಿಸಲಾಗದ್ದನ್ನು ನಾಡಾಭಿಮಾನ ಒಂದೇ ಏಟಿಗೆ ಸಾಧಿಸಿತು. ಹುಬ್ಬಳ್ಳಿಯ ಒಂದು ಗುಂಪು ಜೈಕಾರ ಹಾಕಿತು. ದಾವಣಗೆರೆಯ ಒಬ್ಬರು ಫೋನು ಎತ್ತಿ, ಎಲ್ಲ ಕನ್ನಡಿಗರಿಗೂ ತಲುಪುವವರೆಗೆ ಶೇರ್ ಮಾಡಿ ಎಂದು ಶುರು ಮಾಡಿದರು. ಹುಡುಗ "ಇಂಟರ್‌ನ್ಯಾಷನಲ್ ಸರ್" ಎಂದದ್ದು ಇನ್ನೂ ಕೆಟ್ಟಿತು. ಕರ್ನಾಟಕದ ನೀರಲ್ಲಿ ಮುಳುಗೋಕೆ ಪರದೇಶದವರ ರೂಲ್ಸು ಯಾಕೆ ಎಂದು ಸಫಾರಿ ಸೂಟು ಕೇಳಿತು. ಕೇಳಬೇಕಾದ ಪ್ರಶ್ನೆಯೇ.

ಮ್ಯಾನೇಜರು ಚಪ್ಪಲಿ ಬಿಟ್ಟು ಓಡಿ ಬಂದು ಕೈಮುಗಿದರು. ಬಾವುಟಗಳನ್ನು ಬಿಚ್ಚಿ ಹಳದಿ ಮೇಲೆ ಬರುವಂತೆ ಕಟ್ಟಿಸಿದರು. ಚಪ್ಪಾಳೆ. ಆದರೆ ಈಗ ಅದು ಅಧಿಕೃತವಾಗಿ ನಾಡಿನ ಬಾವುಟವಾಯಿತಲ್ಲ, ಹಾಗಾಗಿ ಹೊಸ ತಕರಾರು. ನಾಡಿನ ಬಾವುಟವನ್ನು ಹೀಗೆ ಮರಳಲ್ಲಿ, ಒದ್ದೆ ಚಡ್ಡಿಯವರ ನಡುವೆ ನೆಡುವುದು ಅವಮಾನವಲ್ಲವೇ? ಹೌದಲ್ಲ ಎಂದು ಎಲ್ಲರೂ ಒಪ್ಪಿದರು. ಬಾವುಟಗಳನ್ನು ಮೆರವಣಿಗೆಯಲ್ಲಿ ಒಯ್ದು ರಿಸೆಪ್ಷನ್ನಿನಲ್ಲಿ, ಕೌಂಟರಿಗೊಂದು, ಮೀನಿನ ಗಾಜಿನ ತೊಟ್ಟಿಗೊಂದು ಎಂದು ನಿಲ್ಲಿಸಿದರು. ಆ ಬಾವುಟಗಳ ನಡುವಿನ ಜಾಗವೇ ಕಾವಲಿರುವ ಜಾಗ ಎಂಬ ನಿಯಮದ ಪ್ರಕಾರ, ಆ ಮಧ್ಯಾಹ್ನ ನಿರ್ಭಯವಾಗಿ ಈಜಬಹುದಾಗಿದ್ದದ್ದು ಲಗೇಜು ಇಡುವ ಕಟ್ಟೆಯ ಮೇಲೆ.

ಖಾಲಿಯಾದ ಕಂಬಗಳಿಗೆ ಮ್ಯಾನೇಜರು ನೀಲಿ ಬಟ್ಟೆ ಕಟ್ಟಿಸಿದರು. ಯಾವ ಜಾತಿಗೂ, ಪಕ್ಷಕ್ಕೂ, ಸಂಘಟನೆಗೂ ಸೇರದ ಬಣ್ಣ ಹುಡುಕಲು ಪಾಪ ಅವರಿಗೆ ಹದಿನೈದು ನಿಮಿಷ ಬೇಕಾಯಿತು, ಆದರೂ ತಪ್ಪಿದರು. ಆದರೆ ಅವರಿಗೆ ಅದರಲ್ಲೂ ಲಾಭ ಕಂಡಿತು. "ಬ್ಲೂ ಫ್ಲ್ಯಾಗ್ ಬೀಚ್ ಅಂತಾರಲ್ಲ ಸಾರ್, ಈಗ ನಮ್ಮದೂ ಆಯ್ತು."

ಆ ಹೆಸರಿನ ಮಾನ್ಯತೆ ಕೊಡುವ ಸಂಸ್ಥೆ ಡೆನ್ಮಾರ್ಕಿನದು. 2020ರಲ್ಲಿ ನಮ್ಮ ದೇಶದ ಎಂಟು ತೀರಗಳಿಗೆ ಅದು ಸಿಕ್ಕಾಗ ಎರಡು ಕರ್ನಾಟಕದವು, ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ನೀರಿನ ಪರೀಕ್ಷೆ, ಜೀವರಕ್ಷಕರು, ಪ್ರಥಮ ಚಿಕಿತ್ಸೆ ಎಂದು 33 ಮಾನದಂಡ ದಾಟಬೇಕು. ನಮ್ಮ ಮ್ಯಾನೇಜರು ಅದನ್ನು ಎರಡು ಮೀಟರ್ ಬಟ್ಟೆಯಲ್ಲಿ ಮುಗಿಸಿದರು.

ಬಾವುಟ ಹೋದ ಮೇಲೆ ಜನ ತಮಗೆ ಒಳ್ಳೆಯದು ಕಂಡಲ್ಲಿ ಇಳಿದರು. ಎಲ್ಲರಿಗೂ ಒಳ್ಳೆಯದು ಕಂಡದ್ದು ಒಂದೇ ಜಾಗ. ಎರಡೂ ಪಕ್ಕದಲ್ಲಿ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿದ್ದರೆ ನಡುವೆ ಓಣಿಯ ಹಾಗೆ ಒಂದು ಪಟ್ಟಿ, ಅಲೆಯಿಲ್ಲದೆ, ಸ್ವಲ್ಪ ಕಪ್ಪಾಗಿ, ಸದ್ದಿಲ್ಲದೆ ಇತ್ತು. "ಇಲ್ಲಿ ಶಾಂತವಾಗಿದೆ, ಮಕ್ಕಳನ್ನ ಇಲ್ಲಿ ಬಿಡೋಣ" ಎಂದು ಭಾವ ತೀರ್ಮಾನಿಸಿದರು.

"ಅಲ್ಲಿ ಬೇಡ್ರಾ!" ಎಂದು ಹುಡುಗ ಕೂಗಿದ. ಮೈಕು ಸತ್ತಿದ್ದರಿಂದ ನನಗೆ ಮಾತ್ರ ಕೇಳಿಸಿತು. "ತೆರೆ ಕಾಣೂದಿಲ್ಲ ಅಲ್ಲ, ಅಲ್ಲೇ ನೀರು ಹೊರಗೆ ಓಡೂದು. ಬಂದ ನೀರು ವಾಪಸ್ ಹೋಗಬೇಕಲ್ಲ, ಅದಕ್ಕೂ ದಾರಿ ಬೇಕು."

ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಎನ್ನುವುದು ಇದನ್ನೇ. ಜೋರಿದ್ದಾಗ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು ಓಡುತ್ತದೆ, ಒಲಿಂಪಿಕ್ ಈಜುಗಾರನೂ ಎದುರು ಈಜಿ ಗೆಲ್ಲಲಾರ. ಅದು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ದಡಕ್ಕೆ ನೇರ ಬರಲು ಹೊಡೆದಾಡಿದವನು ಸುಸ್ತಾಗಿ ಮುಳುಗುತ್ತಾನೆ. ಗಾಬರಿಯಾಗದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿ ದಾಟಿದವನನ್ನು ಅಲೆಗಳೇ ತಂದು ಬಿಡುತ್ತವೆ. ನಾಲ್ಕು ಬೋರ್ಡಿನಲ್ಲಿ ಒಂದರಲ್ಲಾದರೂ ಈ ಮೂರು ಸಾಲು ಬರೆಯಬಹುದಿತ್ತು. ಆದರೆ ಹಾಗೆ ಬರೆದರೆ ಜನ ಈಜುತ್ತಾರೆಂದು ಒಪ್ಪಿಕೊಂಡಂತಾಗುತ್ತದಲ್ಲ. ನಿಷೇಧ ಎಂದು ಬರೆದರೆ ಈಜುವವರೇ ಇಲ್ಲ.

ಪುಟ್ಟನಿಗೆ ರಿಸಾರ್ಟಿನ ಅಂಗಡಿಯಲ್ಲೇ ಕೊಂಡ ಗಾಳಿ ತುಂಬಿದ ಹಳದಿ ಬಾತುಕೋಳಿಯೊಂದಿತ್ತು, 450 ರೂಪಾಯಿ. ಅದರ ಬಾಲದ ಕೆಳಗೆ ಇರುವೆ ಅಕ್ಷರದಲ್ಲಿ 'ಇದು ಜೀವರಕ್ಷಕ ಸಾಧನವಲ್ಲ' ಎಂದಿದೆ. ಬಾತುಕೋಳಿಗೂ ಒಂದು 14ನೇ ಕಲಮು. ಭಾವ ಪುಟ್ಟನ ಕೈಹಿಡಿದು ಆ ಓಣಿಗೆ ಮೊಣಕಾಲುದ್ದ ಇಳಿದರು. ಬಾತುಕೋಳಿ ಕೈತಪ್ಪಿತು. ನಾನು ನೋಡುತ್ತಿದ್ದಂತೆ ಅದು ಕಚೇರಿಗೆ ಹೊತ್ತಾದ ಗುಮಾಸ್ತನ ಹಾಗೆ ಅತ್ತಿತ್ತ ನೋಡದೆ ಪಶ್ಚಿಮಕ್ಕೆ ಹೊರಟಿತು. ಭಾವ ಅದರ ಹಿಂದೆ ನಾಲ್ಕು ಹೆಜ್ಜೆ ಇಟ್ಟರು. ಐದನೆಯ ಹೆಜ್ಜೆಗೆ ನೆಲ ಸಿಗಲಿಲ್ಲ. ಮುಖದ ಮೇಲಿದ್ದ ನಗು ಹಾಗೇ ಉಳಿದು, ಕಣ್ಣು ಮಾತ್ರ ಬದಲಾಯಿತು. ಅಷ್ಟರಲ್ಲಿ ಹುಡುಗ ರಿಂಗಿನ ಸಮೇತ ಬಿದ್ದು, ಅಂಗಿಯ ಕಾಲರು ಹಿಡಿದು, ಪಕ್ಕಕ್ಕೆ ಎಳೆದುಕೊಂಡು ದಡಕ್ಕೆ ತಂದು ಹಾಕಿದ. ಪುಟ್ಟ ನನ್ನ ಕಂಕುಳಲ್ಲಿದ್ದ. ಬಾತುಕೋಳಿ ಯೆಮೆನ್ ಕಡೆ ಹೋಗಿತ್ತು.

ಕಾಲು ಗಂಟೆ ಕೆಮ್ಮಿದ ಮೇಲೆ ಭಾವ ಮೊದಲು ಹೇಳಿದ ಮಾತು, "ಕಾಲರು ಹಿಡಿಯೋದಾ? ಎಲ್ಲರ ಎದುರಿಗೆ?" ರಾತ್ರಿ ಅವರು ರಿಸಾರ್ಟಿಗೆ ಮೂರು ಸ್ಟಾರು ಕೊಟ್ಟರು. ಊಟಕ್ಕೆ, ರೂಮಿಗೆ, ವ್ಯೂಗೆ ಒಂದೊಂದು. ಬೀಚಿನ ಸಿಬ್ಬಂದಿ ಒರಟು ಎಂದು ಎರಡು ಕಳೆದರು.

ಇದನ್ನು ನಗುತ್ತಾ ಬರೆಯುತ್ತಿದ್ದೇನೆ, ಭಾವ ಉಳಿದರಲ್ಲ, ಅದಕ್ಕೆ. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರಕ್ಕೆ ಕೋಲಾರದ ಕಡೆಯಿಂದ ಶಾಲಾ ಪ್ರವಾಸ ಬಂದಿತ್ತು. ಮುಳಬಾಗಿಲಿನ ವಸತಿ ಶಾಲೆಯ ಮಕ್ಕಳು. ಅವರಲ್ಲಿ ನಾಲ್ಕು ಹೆಣ್ಣುಮಕ್ಕಳು ಕಡಲಿನಿಂದ ವಾಪಸ್ ಬರಲಿಲ್ಲ. ಆಮೇಲೆ ಕಡಲತೀರವನ್ನೇ ಬಂದ್ ಮಾಡಿದರು. ತಪ್ಪು ಮಾಡಿದ ನೌಕರನನ್ನು ಅಮಾನತು ಮಾಡಿದ ಹಾಗೆ ಸಮುದ್ರವನ್ನು ಅಮಾನತಿನಲ್ಲಿ ಇಡುವುದು ನಮಗೆ ಗೊತ್ತಿರುವ ಒಂದೇ ಶಿಸ್ತುಕ್ರಮ. ಕಡಲೇ ಕಾಣದ ಊರಿನ ಮಗುವಿಗೆ ಬಸ್ಸು ಹತ್ತಿಸುವ ಮೊದಲು ಹತ್ತು ನಿಮಿಷ ಅಲೆಯ ಬಗ್ಗೆ ಹೇಳಿಕೊಡುವುದಕ್ಕೆ ಯಾವ ಇಲಾಖೆಯಲ್ಲೂ ನಮೂನೆಯಿಲ್ಲ.

ಕಡಲನ್ನು ಬಲ್ಲವರಿಗೇ ನಮ್ಮ ಕಾನೂನು ಬಿಗಿ ಎನ್ನುವುದೂ ಒಂದು ತಮಾಷೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಅದೇ ಮಳೆಗಾಲದಲ್ಲಿ ಮಲ್ಪೆಯಲ್ಲಿ ದಡದುದ್ದಕ್ಕೆ ಬಲೆ ಕಟ್ಟುತ್ತಾರೆ, ಮೀನಿಗಲ್ಲ, ಪ್ರವಾಸಿಗರಿಗೆ. ಮೀನು ಬಲೆಗೆ ಸಿಕ್ಕಿಬೀಳುತ್ತದೆ, ನಮ್ಮವರು ಅದನ್ನು ಎತ್ತಿ ನುಸುಳುತ್ತಾರೆ. ಎತ್ತರದ ಅಲೆಗಳ ಮುನ್ಸೂಚನೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದಿಂದ ಬರುತ್ತದೆ. ಹಿಂದೊಮ್ಮೆ ಅಂಥ ಸಂದೇಶವನ್ನು ಭಾವನಿಗೆ ಓದಿ ಹೇಳಿದ್ದೆ: ಮೀನುಗಾರರು ಕಡಲಿಗೆ ಇಳಿಯಬಾರದು. "ಅದು ಮೀನುಗಾರರಿಗೆ ಕಣಯ್ಯ. ನಾವು ವೆಜಿಟೇರಿಯನ್" ಎಂದಿದ್ದರು.

ಸಂಜೆ ಆರೂವರೆಗೆ ಹುಡುಗನ ಡ್ಯೂಟಿ ಮುಗಿಯಿತು. ಸೀಟಿಯನ್ನು ಕೌಂಟರಿನಲ್ಲಿ ಒಪ್ಪಿಸಿ, ಪುಸ್ತಕದಲ್ಲಿ ಸಹಿ ಹಾಕಿ ಹೋದ. ಸಮುದ್ರ ಮಾತ್ರ ಓವರ್‌ಟೈಮ್ ಮಾಡುತ್ತಿತ್ತು. ಹುಣ್ಣಿಮೆ ಹತ್ತಿರವಿತ್ತು, ಭರತದ ನೀರು ಬೋರ್ಡುಗಳ ಬುಡದವರೆಗೆ ಬಂದು ಓದಿಕೊಂಡು ಹೋಗುತ್ತಿತ್ತು. 'ರಾತ್ರಿ 8ಕ್ಕೆ ಬೀಚ್ ಡಿಜೆ' ಎಂದು ರೂಮಿನ ಫೋನಿಗೆ ಕರೆ ಬಂತು.

ಮರುದಿನ ಬೆಳಿಗ್ಗೆ ಆರಕ್ಕೆ ನಡೆದಾಡಲು ಹೋದರೆ ತೀರದಲ್ಲಿ ಮ್ಯಾನೇಜರು ಒಬ್ಬರೇ ಇದ್ದರು. ಹೊಸದಾಗಿ ಬರೆಸಿದ ಐದನೆಯ ಬೋರ್ಡನ್ನು ನೆಡಿಸಿ, ಮೊಬೈಲಿನಲ್ಲಿ ತಾರೀಖು ಸಮಯ ಮೂಡುವ ಹಾಗೆ ಅದರ ಫೋಟೋ ತೆಗೆಯುತ್ತಿದ್ದರು.

"ದಿನಾ ತೆಗೆದು ಗ್ರೂಪಿಗೆ ಹಾಕಬೇಕು ಸಾರ್, ದಾಖಲೆಗೆ."

"ಇಷ್ಟು ಬೇಗ?"

"ನಿನ್ನೆ ಹತ್ತು ಗಂಟೆಗೆ ತೆಗೆದಿದ್ದೆ. ಬೋರ್ಡಿನ ಹಿಂದೆ ಜನ ಈಜೋದು ಬಿದ್ದುಬಿಟ್ಟಿದೆ" ಎಂದರು. "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸಾರ್, ನೀವೂ ಬರ್ತಿದೀರಿ."