ಯೂನಿಯನ್ ಸೇರಿದರೆ ಕೆಲಸ ಹೋಗುತ್ತಾ? ಸತ್ಯಾಂಶ ಇಲ್ಲಿದೆ

"ಪ್ರೈವೇಟ್ ಕಂಪನಿಯಲ್ಲಿ ಯೂನಿಯನ್ ಕಟ್ಟುವುದು ಕಾನೂನುಬಾಹಿರ, ಸೇರಿದವರನ್ನು ಕೆಲಸದಿಂದ ತೆಗೆಯಬಹುದು" ಎಂಬ ಮೆಸೇಜನ್ನು ಜನ ಫಾರ್ವರ್ಡ್ ಮಾಡುತ್ತಿರುತ್ತಾರೆ. ಇದು ಸುಳ್ಳು.

ಸಂಬಳ, ಕೆಲಸದ ಹೊತ್ತು, ರಜೆ, ಸುರಕ್ಷತೆ ಬಗ್ಗೆ ಮಾಲೀಕರ ಜೊತೆ ಒಟ್ಟಾಗಿ ಮಾತಾಡಲು ಕೆಲಸಗಾರರು ಕಟ್ಟಿಕೊಳ್ಳುವ ಸಂಘವೇ ಟ್ರೇಡ್ ಯೂನಿಯನ್. ಸಂಘ ಕಟ್ಟುವ ಹಕ್ಕು ಸಂವಿಧಾನದ 19(1)(ಸಿ) ವಿಧಿಯಲ್ಲೇ ಇದೆ. ಖಾಸಗಿ ನೌಕರರಿಗೆ ಇದು ಇಲ್ಲ ಅಂತ ಅಲ್ಲಿ ಎಲ್ಲೂ ಹೇಳಿಲ್ಲ.

ಹಿಂದೆ ಹೆದರಿಕೆಗೆ ಕಾರಣವಿತ್ತು ನಿಜ. 1918ರಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಯ ಕೆಲಸಗಾರರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಅದರ ಮುಂದಾಳು ಬಿ.ಪಿ. ವಾಡಿಯಾ ವಿರುದ್ಧ ಗಿರಣಿಯವರು ಕೋರ್ಟಿಗೆ ಹೋದರು. ಆಗ ಕಾರ್ಮಿಕ ನಾಯಕರಿಗೆ ಕಾನೂನಿನ ರಕ್ಷಣೆಯೇ ಇರಲಿಲ್ಲ. ಅದನ್ನು ಕೊಟ್ಟಿದ್ದು 1926ರ ಟ್ರೇಡ್ ಯೂನಿಯನ್ ಕಾಯ್ದೆ. ಈಗ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ.

ನೋಂದಣಿಗೆ ಕೆಲಸಗಾರರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ಆದರೆ 7ಕ್ಕಿಂತ ಕಡಿಮೆ ಇರಬಾರದು.

ಇನ್ನು ಕೆಲಸದಿಂದ ತೆಗೆಯುವ ಮಾತು. ಯೂನಿಯನ್ ಸೇರಿದ್ದಕ್ಕೆ ಹಾಗೆ ಬೆದರಿಸುವುದೇ ಕಾನೂನಿನ ಕಣ್ಣಲ್ಲಿ ತಪ್ಪು! ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ ಹೆಣ್ಣುಮಕ್ಕಳಿಗೂ ಐಟಿಯವರಿಗೂ ಯೂನಿಯನ್‌ಗಳಿವೆ. ಸೇರಿದ ಕೂಡಲೇ ಮುಷ್ಕರ ಅಂತಲೂ ಅಲ್ಲ. ಅದಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು.