ಪಡು ಬದಿ ಅಂದ್ರೆ ನಗು ಬರ್ತದಾ?

ಮೊನ್ನೆ ನಮ್ಮ ಕುಂದಾಪ್ರ ಕಡೆ ಊರಲ್ಲೊಂದು ಮದುವೆ. ದಿಬ್ಬಣದಲ್ಲಿ ಬಂದಿದ್ದ ಬೆಂಗಳೂರಿನ ಹುಡುಗನೊಬ್ಬ ಕೈ ತೊಳೆಯೋಕೆ ನೀರು ಹುಡುಕ್ತಾ ಇದ್ದ. ಬಾಗಿಲ ಹತ್ತಿರ ಕೂತಿದ್ದ ಅಜ್ಜಿಯೊಬ್ಬರು ತಾವಾಗಿಯೇ ಕರೆದು, "ಮಗಾ, ಪಡು ಬದಿಗ್ ಹೋಯ್ಕ್, ಅಲ್ಲ್ ನೀರ್ ಇತ್ತ್" ಅಂದರು. ಅವನು ಇನ್ನೊಮ್ಮೆ ಹೇಳಿಸಿದ. ಮತ್ತೂ ಒಮ್ಮೆ ಹೇಳಿಸಿದ, ಈ ಸಲ ಮೊಬೈಲ್ ಎದುರಿಗೆ ಹಿಡಿದು. ಸುತ್ತ ನಿಂತವರೆಲ್ಲ ಹಲ್ಲು ಕಿಸಿದರು. ತನ್ನ ಮಾತಲ್ಲಿ ನಗುವಂಥದ್ದು ಏನಿತ್ತು ಅಂತ ಗೊತ್ತಾಗದೆ ಪಾಪ ಅಜ್ಜಿಯೂ ನಕ್ಕರು. ನನಗೆ ಮೈ ಉರಿದು ಎಲೆ ಮುಂದಿನಿಂದ ಎದ್ದೇಬಿಟ್ಟೆ. ಹೋಳಿಗೆ ಇನ್ನೂ ಬಂದಿರಲಿಲ್ಲ, ಅದು ಬೇರೆ ಸಂಕಟ.

ಪಡು ಅಂದರೆ ಪಶ್ಚಿಮ. ನೀರು ಪಡು ಬದಿಗೇ ಇತ್ತು ಮಾರಾಯ್ರೆ! ಅಜ್ಜಿ ಹೇಳಿದ್ದು ಸರಿಯಾಗಿತ್ತು. ದಾರಿ ಗೊತ್ತಿಲ್ಲದವನು ದಾರಿ ಹೇಳಿದವರನ್ನು ನೋಡಿ ನಗೋದು ಯಾವ ಸೀಮೆಯ ನ್ಯಾಯ?

ಎಡಕ್ಕೆ, ಬಲಕ್ಕೆ ಅಂತ ಹೇಳಬಾರದಿತ್ತಾ ಅಂತೀರಾ? ಎಡ-ಬಲದ ಯೋಗ್ಯತೆ ನೋಡಬೇಕಾದರೆ ಊಟದ ಪಂಕ್ತಿಗೆ ಬನ್ನಿ. ಎರಡು ಸಾಲಿನವರು ಮುಖಕ್ಕೆ ಮುಖ ಕೊಟ್ಟು ಕೂತಿರುತ್ತಾರೆ. ನನ್ನ ಬಲ ಎದುರಿನವನ ಎಡ. ಬಡಿಸುವವನು ಬಕೆಟ್ ಹಿಡಿದು ಹೋಗುವಾಗ ಎಡಕ್ಕಿದ್ದ ಸಾಲು, ವಾಪಸು ಬರುವಾಗ ಅವನ ಬಲಕ್ಕೆ. ಈ ಗದ್ದಲದಲ್ಲಿ "ಬಲಗಡೆ ಸಾರು ಬಂದಿಲ್ಲ" ಅಂತ ಕೂಗಿ ನೋಡಿ, ಮೂರು ಬಕೆಟ್ ಮೂರು ಕಡೆ ಓಡ್ತವೆ. ನಮ್ಮಲ್ಲಿ ಅಡುಗೆ ಭಟ್ಟರು ಒಳಗಿಂದ್ಲೇ "ತೆಂಕ್ ಬದಿ ಪಂಕ್ತಿಗ್ ಸಾರ್ ಬರ್ಲಾ" ಅಂತ ಒಂದು ಕೂಗು ಹಾಕ್ತಾರೆ. ಮುಗೀತು. ತೆಂಕು ಅಂದರೆ ದಕ್ಷಿಣ; ಯಾರು ಯಾವ ಕಡೆ ಮುಖ ಮಾಡಿದ್ದರೂ ತೆಂಕು ತೆಂಕೇ.

ಕರಾವಳಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಕಡಲು ಇರೋದು ಪಡುವಣಕ್ಕೆ, ಘಟ್ಟ ಮೂಡಣಕ್ಕೆ. ಹೊಳೆಗಳು ಅಲ್ಲಿಂದ ಇಲ್ಲಿಗೆ, ಹೆದ್ದಾರಿ 66 ತೆಂಕಿಂದ ಬಡಗಿಗೆ. ಮರವಂತೆಯಲ್ಲಿ ಬಸ್ಸಿಳಿದರೆ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಅಲ್ಲಿ ಕಂಪಾಸು ಹಿಡಿದು ನಿಲ್ಲುವವನಿಗೆ ಕಣ್ಣಿನ ಡಾಕ್ಟರು ಬೇಕು. ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಸೂರ್ಯ ಕಾಣದಿದ್ದರೂ ರಾತ್ರಿ ಕಡಲು ಮೊರೆಯೋದು ಕೇಳಿದರೆ ಸಾಕು, ಪಡು ಯಾವುದು ಅಂತ ಹಾಸಿಗೆಯಲ್ಲಿ ಮಲಗಿಯೇ ಹೇಳಬಹುದು. ಊರಿನ ಹೆಸರುಗಳೂ ಹಾಗೇ: ತೆಂಕನಿಡಿಯೂರು, ಬಡಾನಿಡಿಯೂರು, ಮೂಡುಪೆರಾರ, ಪಡುಪೆರಾರ, ತೆಂಕಮಿಜಾರು, ಬಡಗಮಿಜಾರು. ಯಕ್ಷಗಾನಕ್ಕೂ ತೆಂಕುತಿಟ್ಟು, ಬಡಗುತಿಟ್ಟು. ಮೂಡುಬಿದಿರೆಗೆ ಹೋಗಿ ಸಾವಿರ ಕಂಬದ ಬಸದಿ ಎದುರು ಸೆಲ್ಫಿ ತೆಗೆಯುವಾಗ ನಗು ಬರಲ್ಲ, ಅಜ್ಜಿ ಬಾಯಲ್ಲಿ ಬಂದರೆ ಮಾತ್ರ ಕಾಮಿಡಿ.

"ಅದು ನಿಮ್ಮ ಕುಂದಾಪ್ರ ಕನ್ನಡ, ಬೇರೆಯವರಿಗೆ ಹೇಗೆ ಗೊತ್ತಾಗ್ಬೇಕು" ಅಂತ ಅಲ್ಲೇ ಒಬ್ಬರು ನನಗೆ ಸಮಾಧಾನ ಹೇಳಲು ಬಂದರು. ಬರೀ ನಮ್ಮದಾ? ನನ್ನ ಹೆಂಡತಿ ಮಂಡ್ಯ ಕಡೆಯವಳು. ಮದುವೆಯಾದ ಹೊಸತರಲ್ಲಿ ನನ್ನ ಮಾತು ಮಾವನಿಗೆ ಅರ್ಧ ತಿಳೀತಿರಲಿಲ್ಲ, ಅವರ ಮಾತು ನನಗೆ ಮುಕ್ಕಾಲು. ಅಂಗಳದಲ್ಲಿ ಕಾರು ನಿಲ್ಲಿಸುವಾಗ "ಮೂಡ್ಲಾಗಿ ತಿರಿಗ್ಸಿ ನಿಲ್ಸ್‌ಬುಡಿ" ಅಂದರು. ಎರಡನೇ ಮಾತಿಲ್ಲದೆ ತಿರುಗಿಸಿದೆ. ಅವತ್ತಿಂದ ಆ ಮನೆಯಲ್ಲಿ ನನಗೆ ಸ್ವಲ್ಪ ಮರ್ಯಾದೆ.

ಮಜಾ ಏನಂದರೆ, "ಮೇಲೆ-ಕೆಳಗೆ" ಅಂತ ಮಾತಾಡಿದರೆ ಮಾವನೂ ನಾನೂ ಇವತ್ತಿಗೂ ಜಗಳಕ್ಕೆ ಬೀಳ್ತೇವೆ. ನಮಗೆ ಮೇಲೆ ಅಂದರೆ ಘಟ್ಟದ ಕಡೆ, ಅಂದರೆ ಮೂಡು. ಅವರಿಗೆ ನಾಲೆಯ ಮೇಲ್ಗಡೆ ಅಂದರೆ ಕನ್ನಂಬಾಡಿ ಕಟ್ಟೆ ಕಡೆ, ಅಂದರೆ ಪಡುವಲು. ನಮ್ಮ ಹೊಳೆ ಹರಿಯೋದು ಪಡುವಣಕ್ಕೆ, ಅವರ ಕಾವೇರಿ ಹೋಗೋದು ಮೂಡಲಿಗೆ, ಏನು ಮಾಡೋಣ! ಆದರೆ ಮೂಡು-ಪಡು ಅಂತ ಬಂದರೆ ಮಾವ-ಅಳಿಯನಿಗೆ ಒಂದೇ ಲೆಕ್ಕ. ಘಟ್ಟ ಹತ್ತಿ ಇಳಿದರೂ ಕೆಡದ ಮಾತನ್ನು ಹಿಡಿದು "ಲೋಕಲ್" ಅಂತ ನಗ್ತಾರಲ್ಲ.

ಇನ್ನು ಬುದ್ಧಿವಂತರ ವಾದ: ಸಿಟಿಯಲ್ಲಿ ಬಿಲ್ಡಿಂಗುಗಳ ಮಧ್ಯೆ ಸೂರ್ಯ ಎಲ್ಲಿ ಕಾಣ್ತಾನೆ, ರಸ್ತೆ ಹತ್ತು ಕಡೆ ತಿರುಗ್ತದೆ, ಲೆಫ್ಟು-ರೈಟೇ ಸಲೀಸು ಅಂತ. ಇರಬಹುದು. ಆಟೋದವರಿಗೆ ನಾನೂ ಪಡುವಣಕ್ಕೆ ತಿರುಗಿಸಿ ಅನ್ನಲ್ಲ. ಆದರೆ ಇದೇ ಜನ ಸೈಟು ತಗೊಳ್ಳುವಾಗ ನೋಡಿ! ಈಸ್ಟ್ ಫೇಸಿಂಗೇ ಬೇಕು. ಅಡುಗೆಮನೆ ಆಗ್ನೇಯದಲ್ಲಿ ಇಲ್ಲದಿದ್ದರೆ ರಾತ್ರಿ ನಿದ್ದೆ ಬರಲ್ಲ. ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಸುವಾಗ ಪೂರ್ವಕ್ಕೆ ಯಾರ ಸೈಟು, ಪಶ್ಚಿಮಕ್ಕೆ ಯಾವ ರಸ್ತೆ ಅಂತ ಸರಿಯಾಗಿ ನೋಡ್ಕೋತಾರೆ, ಅಲ್ಲಿ "ನನ್ನ ಎಡಗಡೆ" ನಡೆಯಲ್ಲ. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿದರಲ್ಲ, ಹೆಸರೇನಿಟ್ಟರು? ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ನಡುವಿಗೊಂದು ಕೇಂದ್ರ. ಮ್ಯಾಪಿನ ಹೆಂಗಸು ಕೂಡ ಹೊರಡುವಾಗ "ಉತ್ತರ ದಿಕ್ಕಿಗೆ ಹೋಗಿ" ಅಂತಾಳೆ. ಇವರು ಮೊಬೈಲನ್ನು ಆ ಕಡೆ ಈ ಕಡೆ ತಿರುಗಿಸಿ, ನೂರು ಮೀಟರ್ ತಪ್ಪು ದಾರಿಯಲ್ಲಿ ಹೋಗಿ, ಬಾಣ ಹಿಂದೆ ತಿರುಗಿದ ಮೇಲೆ ಯೂಟರ್ನ್ ಹೊಡೀತಾರೆ. ಅವಳ ವಿಡಿಯೋ ಯಾರೂ ಮಾಡಿ ಹಾಕಿದ್ದು ನಾನಂತೂ ನೋಡಿಲ್ಲ.

ಆಸ್ಟ್ರೇಲಿಯಾದ ಗೂಗು ಯಿಮಿದಿರ್ ಭಾಷೆಯವರು ಎಡ-ಬಲ ಬಿಟ್ಟು ದಿಕ್ಕಿನಲ್ಲೇ ಮಾತಾಡ್ತಾರೆ ಅಂತ ದೊಡ್ಡ ದೊಡ್ಡ ವಿದ್ವಾಂಸರು ಅಧ್ಯಯನ ಮಾಡಿ ಬರೆದಿದ್ದಾರೆ. ಅದು ಫೇಸ್‌ಬುಕ್ಕಲ್ಲಿ ಕಂಡರೆ "ವಾವ್, ಎಂಥಾ ಜ್ಞಾನ" ಅಂತ ಶೇರ್ ಮಾಡುವವರೂ ಇವರೇ. ನಮ್ಮ ಅಜ್ಜಿಗೂ ಒಬ್ಬ ವಿದೇಶಿ ಪ್ರೊಫೆಸರ್ ಸಿಗಬೇಕಿತ್ತು ಅಷ್ಟೆ.

ಇಷ್ಟೆಲ್ಲ ಕೂಗಾಡ್ತಾ ಇರೋದಕ್ಕೆ ಇನ್ನೊಂದು ಕಾರಣ ಇದೆ. ಹೇಳೋದೋ ಬೇಡವೋ ಅಂತ ಇದ್ದೆ. ಅಲ್ಲಿ ಹಲ್ಲು ಕಿಸಿದವರಲ್ಲಿ ನನ್ನ ಮಗಳೂ ಇದ್ದಳು. ಅಪ್ಪನ ಕಡೆಯಿಂದ ಮೂಡು, ಅಮ್ಮನ ಕಡೆಯಿಂದ ಮೂಡ್ಲು, ಎರಡೂ ಕಡೆ ಹಕ್ಕಿರುವ ಹುಡುಗಿ. ಕಾರಲ್ಲಿ ಬರುವಾಗ "ಪಡು ಅಂದ್ರೆ ಮಲ್ಕೊಳ್ಳೋದಾ ಅಪ್ಪಾ?" ಅಂತ ಕೇಳಿದಳು. ಹೆಂಡತಿ ಕಿಟಕಿಯಾಚೆ ನೋಡ್ತಾ ಕೂತಳು. ನಾನು ಹೆಜಮಾಡಿ ಟೋಲ್ ದಾಟುವ ತನಕ ಮಾತಾಡಲಿಲ್ಲ.

ಈಗ ಮನೆಯಲ್ಲಿ ರಿಮೋಟ್ ಎಲ್ಲಿ ಅಂತ ಯಾರಾದರೂ ಕೇಳಿದರೆ "ಬಡಗ್ ಬದಿ ಸೋಫಾದ ತೆಂಕು ಮೂಲೆಯಲ್ಲಿ" ಅಂತಲೇ ಹೇಳ್ತಾ ಇದ್ದೇನೆ. ಬೇಕಾದವರು ಹುಡುಕಿಕೊಳ್ಳಲಿ.