ಇಬ್ಬರಿಗೆ ಮೂರು ಜನರ ಬಿಲ್

ನಾನಿರುವುದು ನೆದರ್‌ಲ್ಯಾಂಡ್ಸಿನ ಕಾಟ್‌ವೈಕ್‌ನಲ್ಲಿ. ನಮ್ಮ ಮಲ್ಪೆಯ ಹಾಗೆ ಕಡಲು, ಮೀನು, ಗಾಳಿ ಇರುವ ಊರು. ವರ್ಷಕ್ಕೊಮ್ಮೆ ಮನೆಗೆ ಒಂದು ಬಿಲ್ ಬರುತ್ತದೆ. ಕುಡಿಯುವ ನೀರಿನದಲ್ಲ, ಕೊಳೆ ನೀರನ್ನು ಶುದ್ಧ ಮಾಡುವ ಖರ್ಚಿನದು. ಒಬ್ಬನೇ ಇದ್ದಾಗ ಒಂದು ಯೂನಿಟ್, ಅಂದರೆ ಒಬ್ಬರ ಕೊಳೆಯ ಲೆಕ್ಕ, ಬರುತ್ತಿತ್ತು. ಮದುವೆಯಾಗಿ ಹೆಂಡತಿ ಬಂದ ಮೇಲೆ ಮೂರಾಯಿತು. ಇಬ್ಬರಿದ್ದರೂ ಮೂರೇ, ಆರು ಮಂದಿ ಇದ್ದರೂ ಮೂರೇ. ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ನಗು.

"ಇಬ್ಬರಿಗೆ ಮೂರು ಜನರ ಲೆಕ್ಕವಾ? ಇದೆಂತ ಲೆಕ್ಕ ಮಾರಾಯ!"

ಅಮ್ಮ ಇರುವುದು ಉಡುಪಿಯ ಕೊಡವೂರು ಕಡೆ, ಇಂದ್ರಾಣಿ ತೊರೆಯ ಹತ್ತಿರ. ಸಣ್ಣವರಿದ್ದಾಗ ಆ ತೊರೆಯಲ್ಲಿ ಬೈರಾಸು ಹಿಡಿದು ಮೀನುಮರಿ ಹಿಡಿದವರು ನಾವು. ಈಗ ಅದರ ಬಣ್ಣ ನೋಡಿದರೆ ಕಾಲಿಡುವ ಮನಸ್ಸಾಗುವುದಿಲ್ಲ. ಕಳೆದ ರಜೆಯಲ್ಲಿ ನಮ್ಮ ಬಾವಿಯಿಂದ ಒಂದು ಕೊಡಪಾನ ಎಳೆದೆ. ಮೇಲೆ ತೆಳ್ಳಗೆ ಎಣ್ಣೆಯ ಹಾಗೆ ಪಸೆ. ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ. "ಅದು ತೆಂಗಿನ ಬುಡಕ್ಕೆ ಮಾತ್ರ" ಅಂದಳು ಅಮ್ಮ. ಬಿಳಿ ಪಂಚೆಯನ್ನೂ ಅದರಲ್ಲಿ ಒಗೆಯುವುದಿಲ್ಲವಂತೆ, ಹಳದಿಯಾಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಕುಡಿಯಲು ನಳ್ಳಿ ನೀರಿಗೆ ಕಾಯುವುದು ಅಂದರೆ ಏನು ಹೇಳುವುದು!

ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಮೇಲೆ ಸುರಿದದ್ದು ಸುಮ್ನೆ ನಿಲ್ಲುವುದಿಲ್ಲ, ಇಳಿಯುತ್ತದೆ, ಪಕ್ಕಕ್ಕೂ ಹೋಗುತ್ತದೆ. ಐದು ಸೆಂಟ್ಸ್ ಜಾಗ ಚೌಕಾಕಾರ ಇದ್ದರೆ ಮೂಲೆಯಿಂದ ಮೂಲೆಗೆ ಇಪ್ಪತ್ತೇ ಮೀಟರ್. ಅಷ್ಟರಲ್ಲೇ ಬಾವಿ, ಅಷ್ಟರಲ್ಲೇ ಕಕ್ಕಸಿನ ಇಂಗುಗುಂಡಿ. ಆಚೆಮನೆಯವರದ್ದೂ ಹಾಗೇ. ಜೊತೆಗೆ ತೊರೆಗೆ ಬಿಟ್ಟ ಕೊಳಚೆ. ಒಳಚರಂಡಿ ಪೈಪ್ ಹಾಕಿದರೂ ಮಳೆಗಾಲದಲ್ಲಿ ಮಳೆನೀರು ಅದರೊಳಗೆ ನುಗ್ಗಿದರೆ ಕೊಳೆ ನೀರು ಶುದ್ಧ ಮಾಡುವ ಘಟಕಕ್ಕೆ ತಡೆಯಲಾಗದಷ್ಟು ನೀರು. ಅಲ್ಲಿ ಕೊಳೆ ತಿನ್ನುವುದು ಸೂಕ್ಷ್ಮಜೀವಿಗಳು. ಗಾಳಿ ಊದಿ ಅವನ್ನು ಸಾಕುತ್ತಾರೆ. ಕರೆಂಟು ಹೋಗಿ ತುಂಬಾ ಹೊತ್ತು ಗಾಳಿ ನಿಂತರೆ ಅವು ಸಾಯತೊಡಗುತ್ತವೆ.

ಡಚ್ಚರು ಹುಟ್ಟಾ ಶುದ್ಧರು ಅಂತ ನಾನು ಹೇಳುತ್ತಿಲ್ಲ. ಅವರ ಕಾಲುವೆಗಳೂ ಒಂದು ಕಾಲಕ್ಕೆ ನಾರುತ್ತಿದ್ದವು. 1970ರಲ್ಲಿ ಕಾಯ್ದೆ ಬಂತು: ಕೊಳೆ ಮಾಡಿದವನೇ ದುಡ್ಡು ಕೊಡಬೇಕು. ಇವತ್ತಿಗೂ ಜೋರು ಮಳೆ ಬಂದರೆ ಹಳೇ ಚರಂಡಿ ಉಕ್ಕಿ ಕಾಲುವೆಗೆ ಸೇರುವುದುಂಟು. ಅದೂ ನಮ್ಮ ಮಳೆಯ ಕಾಲುಭಾಗಕ್ಕೂ ಕಡಿಮೆ ಬೀಳುವ ದೇಶದಲ್ಲಿ. ಹಾಗಾಗಿ ಅವರ ಪೈಪ್ ತಂದು ಇಲ್ಲಿ ಹೂಳಿದರೆ ಆಗುವುದಲ್ಲ.

ತರಬೇಕಾದದ್ದು ಆ ಬಿಲ್. ಅದನ್ನು ಕಳಿಸುವ ನೀರಿನ ಮಂಡಳಿಗೆ ಬೇರೆಯೇ ಚುನಾವಣೆ. ಕಾಟ್‌ವೈಕ್ ಕಡೆಯ ರೈನ್‌ಲ್ಯಾಂಡ್ ಮಂಡಳಿ 1255ರಷ್ಟು ಹಳೆಯದು. 2023ರ ಮಾರ್ಚಿನಲ್ಲಿ ಆ ದೇಶದ ಪ್ರಜೆಯಲ್ಲದ ನಾನೂ ಮತ ಹಾಕಿ ಬಂದೆ, ಕೊಳೆ ನೀರಿಗಾಗಿ! ನಮ್ಮಲ್ಲಿ ನಳ್ಳಿ ಒಂದು ದಿನ ನಿಂತರೆ ಕೌನ್ಸಿಲರ್ ಮನೆ ಮುಂದೆ ಜನ. ಬಚ್ಚಲಿನಿಂದ ಹೋದದ್ದು ಕಂಪೌಂಡ್ ದಾಟಿದರೆ ಅದು ಯಾರದ್ದೂ ಅಲ್ಲ. ಮಂಗಳೂರಿನಲ್ಲಿ ಕಾವೂರು ಘಟಕದ ಶುದ್ಧೀಕರಿಸಿದ ನೀರು ಕೈಗಾರಿಕೆಗೆ ಹೋಗುತ್ತದೆ. ಅಲ್ಲಿ ನೀರು ಕೆಟ್ಟರೆ ಕೇಳುವವರು ಇದ್ದಾರೆ, ಅಲ್ವಾ? ಇಂದ್ರಾಣಿಯ ನೀರಿಗೆ ಗಿರಾಕಿಯೇ ಇಲ್ಲ.

ಇದನ್ನೆಲ್ಲ ಮಾವನ ಹತ್ತಿರ ಹೇಳಿದೆ. ಮನೆ ತೆರಿಗೆ ಕಟ್ಟಿಯೇ ಸುಸ್ತಾದವರು ಅವರು. ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ಆಮೇಲೆ ಎಲೆಗೆ ಸುಣ್ಣ ಸವರುತ್ತಾ, "ಆಯ್ತು, ಬಿಲ್ ಬರಲಿ. ಕೆಳಗೊಂದು ಫೋನ್ ನಂಬರ್ ಇರಲಿ. ಮಾಡಿದರೆ ಯಾರಾದರೂ ಎತ್ತಲಿ" ಅಂದರು.